ಒಣಗಿದ ಗಿಡಗಳ ಕಾವಲು

ಹುಲ್ಲನ್ನು ಕುಡುಗೋಲಿನಿಂದ ಕೊಯ್ಯಬೇಕಿತ್ತು. ನಾನು ಕೊಯ್ಯಲಿಲ್ಲ. ಅಕ್ಕ ನನಗೆ ವಹಿಸಿದ್ದು ಅದೊಂದೇ ಕೆಲಸ.

ಸಂಡೂರಿನಲ್ಲಿ ನಮ್ಮ ಓಣಿಯ ಹಿಂದಿನ ಗುಡ್ಡದಲ್ಲಿ ನೀಲಕುರಿಂಜಿ ಅರಳುವುದು ಎಷ್ಟೋ ವರ್ಷಕ್ಕೊಮ್ಮೆ. ಆ ಸಲ ಅರಳಿದಾಗ ಹೊಸಪೇಟೆ, ಹಂಪಿ ಕಡೆಯಿಂದ ಜನ ಗಾಡಿ ಮಾಡಿಕೊಂಡು ಬಂದರು. ಹೂವು ಕಾಯಲು ಊರಿನ ಕೆಲವರು ಸಂಬಳವಿಲ್ಲದೆ ನಿಂತರು. ಅಕ್ಕನೂ ಹೊಲಿಗೆ ಮಷಿನ್ ಮುಚ್ಚಿಟ್ಟು, ಕೋಲು ಹಿಡಿದು ಹೋಗುತ್ತಿದ್ದಳು.

"ಏ ಯಪ್ಪಾ, ಏಳ್ರಿ ಮ್ಯಾಲೆ! ಅದೇನು ನಿಮ್ಮನಿ ಸೋಫಾ ಏನ್ರಿ?" ಎಂದು ಫೋಟೊಗಾಗಿ ಗಿಡಗಳ ಮೇಲೆ ಕುಳಿತವರನ್ನು ಎಬ್ಬಿಸುತ್ತಿದ್ದಳು.

ಹೂವು ಉದುರಿ ಗಿಡಗಳು ಒಣಗಿದವು. ಜನ ಬರುವುದು ನಿಂತಿತು, ಉಳಿದ ಕಾವಲಿನವರೂ ಮನೆ ಸೇರಿದರು. ಅಕ್ಕ ಮಾತ್ರ ಹೋಗುತ್ತಲೇ ಇದ್ದಳು.

"ಹೂವು ಹೋತು, ಇನ್ನ ಕಟಿಗಿ ಕಾಯ್ತೀಯೇನಕ್ಕ?" ಎಂದು ನಗಾಡಿದೆ.

"ಲೇ ಹುಚ್ಚಾ, ಗಿಡ ಸತ್ತಾವು, ಬೀಜ ಇನ್ನೂ ಅದರಾಗ ಅದಾವು. ಅವು ನೆಲಕ್ಕ ಬೀಳೋತನ ನನ್ನ ಡ್ಯೂಟಿ ಮುಗಿಯಂಗಿಲ್ಲ. ಬೀಜಾನೂ ಹೋದ್ರ ಇಲ್ಲಿ ಮತ್ತ ಏನೂ ಏಳಂಗಿಲ್ಲ."

ಬೆಂಕಿ ಬಂದರೆ ಗಿಡಗಳಿಗೆ ತಾಗದಿರಲೆಂದು ಸುತ್ತಲೂ ಒಂದು ಮಾರು ಅಗಲ ಒಣಹುಲ್ಲು ಕೊಯ್ದು ನೆಲ ಬೋಳು ಮಾಡುತ್ತಿದ್ದಳು. ಅರ್ಧ ಮುಗಿದಿತ್ತು. ಅಷ್ಟರಲ್ಲಿ ಕಂಪ್ಲಿಯಿಂದ ಮಗಳ ಹೆರಿಗೆಗೆ ಕರೆ ಬಂತು. "ಉಳಿದದ್ದು ನೀ ಕೊಯ್ಯಿ. ಸುಡಬ್ಯಾಡ ಮತ್ತ" ಎಂದು ಬಸ್ಸಿನ ಕಿಟಕಿಯಿಂದಲೂ ಹೇಳಿದಳು.

ನಾನು ಐದನೆಯ ತರಗತಿಗೇ ಶಾಲೆ ಬಿಟ್ಟು ಕಂಪ್ಲಿಯ ಕಬ್ಬಿನ ಗದ್ದೆಗಳಲ್ಲಿ ದುಡಿದವನು. ಕಬ್ಬು ಕಡಿದ ಮೇಲೆ ಉಳಿದ ಒಣ ಸೋಗೆಗೆ ಬೆಂಕಿ ಹಚ್ಚುವುದು, ಹಸಿ ಟೊಂಗೆಯಿಂದ ಬಡಿದು ಆರಿಸುವುದು ನನಗೆ ಸಲೀಸು. ಅಂದು ತೋರಣಗಲ್ಲಿನ ಕಾರ್ಖಾನೆಯ ಮಧ್ಯಾಹ್ನದ ಶಿಫ್ಟಿಗೆ ಬಸ್ ಹಿಡಿಯಬೇಕಿತ್ತು. ಕಡ್ಡಿ ಗೀರಿದೆ. ಗದ್ದೆಯ ಬೆಂಕಿ ಬದುವಿಗೆ ಬಂದು ನಿಲ್ಲುತ್ತದೆ. ಗುಡ್ಡದ ಬೆಂಕಿ ಮೇಲಕ್ಕೆ ಹತ್ತಿತು. ಟೊಂಗೆ ಹಿಡಿದು ಬಡಿದೆ, ಕೈ ಸುಟ್ಟುಕೊಂಡೆ. ಬೀಜ ತುಂಬಿದ ಒಣ ಕಾಯಿಗಳು ಚಟಚಟ ಸಿಡಿಯುತ್ತಲೇ ಹೋದವು.

ಅಕ್ಕ ಊರಿಂದ ಬಂದಾಗ "ಯಾರೋ ಸಿಗರೇಟ್ ಒಗದಿರಬೇಕು" ಎಂದೆ. ಸುಟ್ಟ ಕೈಯನ್ನು ನೋಡಿ, ನಾನು ಆರಿಸಲು ಹೋಗಿದ್ದೆನೆಂದು ತಿಳಿದು, ಅವಳೇ ಮುಲಾಮು ಹಚ್ಚಿದಳು.

ಈಗಲೂ ಒಗ್ಗರಣೆಗೆ ಸಾಸಿವೆ ಸಿಡಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ನನಗೆ ಘಾಟು ಆಗುವುದಿಲ್ಲವೆಂದು ಅಕ್ಕ ಅಂದುಕೊಂಡಿದ್ದಾಳೆ.

ಮಳೆ ಹಿಡಿದಾಗಲೆಲ್ಲ ಅವಳು ಗುಡ್ಡಕ್ಕೆ ಹೋಗುತ್ತಾಳೆ. ಮೊಣಕಾಲು ನೋವೆಂದು ನನ್ನನ್ನೂ ಕರೆಯುತ್ತಾಳೆ. ಬೆಂಕಿ ತಾಗದ ಆಚೆ ಇಳಿಜಾರಿನಲ್ಲಿ ಎಳೆಯ ಕುರಿಂಜಿ ಗಿಡಗಳು ಎದ್ದಿವೆ. ನಮ್ಮ ಕಡೆ ಬರೀ ಹುಲ್ಲು. ಅವಳು ಹುಲ್ಲು ಸರಿಸಿ ಸರಿಸಿ ಹುಡುಕುತ್ತಾಳೆ, ಆ ಸಿಗರೇಟಿನವನಿಗೆ ಶಾಪ ಹಾಕುತ್ತಾಳೆ. ನಾನು ಕೊಡೆ ಹಿಡಿದು ನಿಂತಿರುತ್ತೇನೆ.

ಈ ಸಲ ಬೈಯಲಿಲ್ಲ. ಬಂಡೆಯ ಮೇಲೆ ಕುಳಿತು, ಒದ್ದೆ ಮಣ್ಣು ಸವರುತ್ತಾ, "ಅವನನ್ನ ಯಾಕ ಬೈಬೇಕು? ಕಾಯ್ತೀನಿ ಅಂದಾಕಿ ನಾನು. ಬಿಟ್ಟು ಹೋದಾಕೀನೂ ನಾನೇ. ತಪ್ಪು ನಂದು" ಎಂದಳು.

ಕೊಡೆ ಕೆಳಗಿಟ್ಟೆ.

"ಅಕ್ಕಾ, ಸಿಗರೇಟ್ ಯಾರೂ ಒಗದಿಲ್ಲ. ಕೊಯ್ಯಾಕ ಬ್ಯಾಸರಾಗಿ ನಾನೇ ಬೆಂಕಿ ಹಚ್ಚಿದೆ. ನಿನಗ ಸುಳ್ಳು ಹೇಳಿದೆ. ನಂದು ತಪ್ಪಾತಕ್ಕ."