ಟೋಪಿಯ ಅಂಚಿನ ತಂತಿ

ಹೋದ ತಿಂಗಳು ಅಮೀರ್‌ಪೇಟ್‌ನ ನಮ್ಮ ಗಲ್ಲಿಯ ಇಸ್ತ್ರಿಯವನು ಫೋನಿನಲ್ಲಿ ಯಾರನ್ನೋ ಬೈಯುತ್ತ, ಕಾದ ಇಸ್ತ್ರಿಪೆಟ್ಟಿಗೆಯನ್ನು ಪಕ್ಕದ ಒದ್ದೆ ಚಾಪೆಯ ಮೇಲೆ ಇಟ್ಟುಬಿಟ್ಟ. ಚುರ್ರೆಂದು ಹೊಗೆ ಎದ್ದಿತು. ಒದ್ದೆ ಹುಲ್ಲು ಬೇಯುವ, ಬೆಂದು ಕರಕಲಾಗುವ ವಾಸನೆ. ನಾನು ಬಟ್ಟೆಯ ಗಂಟು ಹಿಡಿದು ನಿಂತಲ್ಲೇ ನಿಂತೆ. ‘ಏಮೈಂದಿ ಮೇಡಂ?’ ಏನಾಯಿತೆಂದು ಅವನು ಕೇಳಿದ. ಹೊಗೆ ಎಂದೆ.

ಆ ವಾಸನೆ ಟೋಪಿ ಮಾಸ್ತರರ ಕೋಣೆಯದು ಎಂದು ಬರೆದುಬಿಡುವುದು ಸುಲಭ. ಆದರೆ ಅಲ್ಲಿ ಸೀಮೆಎಣ್ಣೆಯ ವಾಸನೆಯೂ ಇತ್ತು, ಅಂಟಿನ ವಾಸನೆಯೂ ಇತ್ತು, ಒಳಗಿನಿಂದ ಬರುವ ಬೆಳ್ಳುಳ್ಳಿ ಒಗ್ಗರಣೆಯದೂ ಇತ್ತು. ಅವನ್ನೆಲ್ಲ ಬಿಟ್ಟು ನೆನಪು ಇದೊಂದನ್ನೇ ಏಕೆ ಉಳಿಸಿಕೊಂಡಿತೋ... ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಇದನ್ನು ಓದುವವರೂ ನಂಬಬೇಕಾಗಿಲ್ಲ.

ಹನ್ನೆರಡು ವರ್ಷಗಳ ಹಿಂದೆ ನಾನು ತೆಲುಗು ಸಿನೆಮಾದವರ ಉಡುಪಿನ ವಿಭಾಗದಲ್ಲಿ ಸಹಾಯಕಿಯಾಗಿದ್ದೆ. ಒಬ್ಬ ಮುದುಕನ ಪಾತ್ರಕ್ಕೆ ಹುಲ್ಲಿನ ಫೆಡೋರಾ ಟೋಪಿ ಬೇಕೆಂದು ಹುಡುಕುತ್ತ ಕುಷಾಯಿಗೂಡಕ್ಕೆ ಹೋದೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮಾಸ್ತರು ಬೀದರ್ ಕಡೆಯವರು. ಹಳೇ ಶಹರದಲ್ಲಿ ಕುದುರೆ ರೇಸಿಗೆ ಬರುವವರಿಗೆ ಟೋಪಿ ಮಾಡುತ್ತಿದ್ದ ಒಬ್ಬ ಉಸ್ತಾದರ ಬಳಿ ಕೆಲಸ ಕಲಿತಿದ್ದರು. ನಾನು ತೆಲುಗಿನಲ್ಲಿ ಅಳತೆ ಹೇಳುತ್ತಿದ್ದರೆ ಅವರು ತಲೆಯೆತ್ತದೆ, ‘ತಂಗಿ, ನಿನ್ನ ತೆಲುಗು ಇನ್ನೂ ಕಲಬುರ್ಗಿ ಬಸ್ ಸ್ಟ್ಯಾಂಡ್ ದಾಟಿಲ್ಲಲ್ಲ’ ಎಂದರು. ಅಂದಿನಿಂದ ಅವರಿಗೆ ನಾನು ತಂಗಿ. ಹಾಗಾಗಿ ಅವರ ಹೆಂಡತಿ ನನಗೆ ವೈನಿ.

ಹುಲ್ಲಿನ ಟೋಪಿ ಕೈಯಲ್ಲಿ ಹಿಡಿದವರಿಗೆ ಹಗುರವಾದ, ನಿರುಪದ್ರವಿ ವಸ್ತು ಅನಿಸುತ್ತದೆ. ಅದು ಹುಟ್ಟುವುದನ್ನು ನೋಡಿದ ಮೇಲೆ ನನಗೆ ಹಾಗೆ ಅನಿಸಿಲ್ಲ. ಗೋಧಿಹುಲ್ಲಿನ ಹೆಣೆದ ಪಟ್ಟಿಗಳನ್ನು ಮೊದಲು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಮೇಲೇಳದಂತೆ ಕಲ್ಲು ಹೇರುತ್ತಿದ್ದರು. ನೆತ್ತಿಯ ನಡುವಿನ ಗುಂಡಿಯಷ್ಟು ಚಿಕ್ಕ ಸುತ್ತಿನಿಂದ ಹೊಲಿಗೆ ಶುರುವಾಗುತ್ತಿತ್ತು. ಒಂದು ಸುತ್ತಿನ ಅರ್ಧದ ಮೇಲೆ ಇನ್ನೊಂದು ಸುತ್ತು ಏರಬೇಕು. ಹೊಲಿದು ಮುಗಿದಾಗ ಅದು ಬರೀ ಆಕಾರವಿಲ್ಲದ ಬುಟ್ಟಿ. ಅದಕ್ಕೆ ಅಂಟುನೀರು ಕುಡಿಸಿ, ಸೀಮೆಎಣ್ಣೆ ಸ್ಟವ್ ಮೇಲಿನ ಕೆಟಲಿನ ಹಬೆಗೆ ಹಿಡಿದು, ಮೆತ್ತಗಾದ ಕ್ಷಣದಲ್ಲಿ ಕಟ್ಟಿಗೆಯ ತಲೆಯೊಂದರ ಮೇಲೆ ಎಳೆದು ಕೂರಿಸುತ್ತಿದ್ದರು. ಆ ಕಟ್ಟಿಗೆಯ ತಲೆಗೆ ಅವರು ಬುರುಡೆ ಎನ್ನುತ್ತಿದ್ದರು. ಬುರುಡೆಯ ಕತ್ತಿಗೆ ಹಗ್ಗ ಬಿಗಿದು, ಮೊಣಕಾಲು ಊರಿ, ಎರಡೂ ಕೈಯಿಂದ ಜಗ್ಗುವುದು. ಸುತ್ತಲೂ ಮರದ ಕೊಡತಿಯಿಂದ ಬಡಿಯುವುದು. ನೆತ್ತಿಯ ಉದ್ದದ ಮಡಿಕೆಗೆ ಅಂಗೈಯ ಅಂಚಿನಿಂದ ಒಂದೇ ಏಟು. ಎರಡನೆಯದು ಬಿದ್ದರೆ ಹುಲ್ಲು ಸೀಳಿಹೋಗುತ್ತದೆ. ಆಮೇಲೆ ಮುಂಭಾಗದ ಎರಡು ಕುಳಿಗಳು. ಇನ್ನೂ ಹಬೆಯಾಡುತ್ತಿರುವ ಹುಲ್ಲಿನೊಳಕ್ಕೆ ಎರಡೂ ಹೆಬ್ಬೆರಳು ಒತ್ತಿ, ಅದು ಆರುವವರೆಗೆ ತೆಗೆಯುವಂತಿಲ್ಲ. ಸುಟ್ಟು ಸುಟ್ಟು ಆ ಹೆಬ್ಬೆರಳುಗಳ ಗೆರೆಗಳೇ ಅಳಿಸಿಹೋಗಿದ್ದವು. ಹೆಬ್ಬೆಟ್ಟು ಒತ್ತುವ ಯಾವ ಯಂತ್ರಕ್ಕೂ ನಮ್ಮ ಮನೆಯವರು ಸಿಗುವುದಿಲ್ಲ ಎಂದು ವೈನಿ ನಗುತ್ತಿದ್ದರು.

ಕೊನೆಯಲ್ಲಿ ಅಂಚಿಗೆ ತಂತಿ. ಪೇಟೆಯಲ್ಲಿ ಸಿಗುವ ತಂತಿ ಅವರಿಗೆ ಆಗುತ್ತಿರಲಿಲ್ಲ. ಮೆಕ್ಯಾನಿಕ್‌ಗಳಿಂದ ಸ್ಕೂಟರಿನ ಹಳೆಯ ಕ್ಲಚ್ ವೈರು ತಂದು, ಬಿಡಿಸಿ, ಅದರ ಒಂದೊಂದೇ ಎಳೆ ತೆಗೆಯುತ್ತಿದ್ದರು. ಆ ಎಳೆಯನ್ನು ಎಷ್ಟು ಬಗ್ಗಿಸಿದರೂ ಸಟ್ಟನೆ ಹಿಂದಕ್ಕೆ ಚಿಮ್ಮುತ್ತದೆ. ಅದನ್ನು ಬಳೆಯ ಹಾಗೆ ಸುತ್ತಿ, ತುದಿಗಳನ್ನು ಜೋಡಿಸಿ ದಾರ ಬಿಗಿದು, ಅಂಚಿನ ಹುಲ್ಲಿನೊಳಗೆ ಮಡಚಿ ಹೊಲಿದುಬಿಡುತ್ತಿದ್ದರು. ಹೊರಗೆ ಏನೂ ಕಾಣುವುದಿಲ್ಲ. ಆದರೆ ಅದರ ಬಲದಿಂದಲೇ ಅಂಚು ಮುಂದೆ ಹುಬ್ಬಿನ ಕಡೆಗೆ ಬಾಗಿ, ಹಿಂದೆ ಕತ್ತಿನ ಮೇಲೆ ಎದ್ದು ನಿಲ್ಲುತ್ತದೆ.

‘ತಂತಿ ಇಲ್ಲಂದ್ರ ಅದು ಟೋಪಿ ಅಲ್ಲ ತಂಗಿ, ತಲಿ ಮ್ಯಾಲಿನ ರೊಟ್ಟಿ.’

ಮಾಸ್ತರು ಶಾಂತ ಸ್ವಭಾವದವರಾಗಿದ್ದರು ಎಂದು ಬರೆಯಲಾರೆ. ಒಮ್ಮೆ ಒಬ್ಬ ಯುವಕ ಟೋಪಿ ಕೊಂಡು, ನಮ್ಮೆದುರೇ ಅದನ್ನು ಎರಡಾಗಿ ಮಡಚಿ ಬೆನ್ನಚೀಲಕ್ಕೆ ತುರುಕಿದ. ಮಾಸ್ತರು ಎದ್ದು ಹೋಗಿ ಕಪಾಳಕ್ಕೆ ಬಾರಿಸಿದರು. ‘ನಿಮ್ಮಪ್ಪನ್ನ ಹಿಂಗ ಮಡಚಿ ಇಡ್ತೀಯೇನಲೇ?’ ಸಿಟ್ಟು ಬಂದರೆ ಅವರ ಬಾಯಿಗೆ ಕನ್ನಡವೇ ಬರುತ್ತಿತ್ತು. ಆ ಯುವಕನಿಗೆ ಏಟು ಮಾತ್ರ ಅರ್ಥವಾಯಿತು. ಈ ಪ್ರಸಂಗವನ್ನು ನಾನು ಹಲವರಿಗೆ ಹೇಳಿ ನಗಿಸಿದ್ದೇನೆ. ಹೇಳುವಾಗ ಒಂದೇ ಏಟು ಎನ್ನುತ್ತೇನೆ. ಅವನ ತುಟಿ ಒಡೆದು ಅಂಗಿಯ ಮೇಲೆಲ್ಲ ರಕ್ತ ಸುರಿದದ್ದನ್ನು ಬಿಟ್ಟುಬಿಡುತ್ತೇನೆ.

ಅದನ್ನು ಕಣ್ಣಾರೆ ಕಂಡಿದ್ದರಿಂದಲೇ ಮುಂದೆ ನಾನು ಸುಳ್ಳು ಹೇಳಿದ್ದು. ನಮ್ಮ ಚಿತ್ರದ ಹೊಡೆದಾಟಕ್ಕೆ, ಖಳನಾಯಕನ ಕಡೆಯವರಿಗೆಂದು ಹದಿನೆಂಟು ಟೋಪಿ ಬೇಕಾಗಿದ್ದವು. ಒದೆ ತಿನ್ನಲು, ತುಳಿಸಿಕೊಳ್ಳಲು, ಹರಿಯಲು. ಒಳಗೆ ತಂತಿ, ಅಂಟು ಏನೂ ಇರಬಾರದು, ಹಪ್ಪಳದ ಹಾಗೆ ಮುರಿಯಬೇಕು ಎಂದು ಫೈಟ್ ಮಾಸ್ಟರ್ ನನಗೆ ಎರಡು ಸಲ ಹೇಳಿದ್ದರು. ತುಳಿಯಲೆಂದು ಟೋಪಿ ಮಾಡಿಕೊಡಿ ಎಂದು ಮಾಸ್ತರರ ಬಳಿ ಕೇಳುವ ಧೈರ್ಯ ನನಗಿರಲಿಲ್ಲ. ಮದುವೆಗೆ ಎಂದೆ.

‘ಯಾರ ಮದುವಿ?’

‘ಪ್ರೊಡ್ಯೂಸರ್ ಮಗಂದ್ರಿ. ಬರಾತಿನಾಗ ಗೆಳ್ಯಾರೆಲ್ಲ ಹಾಕ್ಕೊಂಡು ಕುಣೀತಾರ. ಒಂದ ದಿನದ ಮಾತು. ಅಂಟು ಬ್ಯಾಡ, ತಂತಿ ಬ್ಯಾಡ, ಮೆತ್ತಗಿರ್ಲಿ.’

‘ಮೆತ್ತಗಿರಾಕ ಅದೇನ ಇಡ್ಲಿ ಏನ?’

‘ಆಕಿ ಕೇಳಿದಂಗ ಮಾಡಿ ಕೊಡ್ರಲ್ಲ,’ ಎಂದರು ವೈನಿ ಒಳಗಿನಿಂದ. ‘ಎಲ್ಲಾದಕ್ಕೂ ನಿಮ್ದೊಂದು ತಕರಾರು.’

ಮಾಸ್ತರು ಗೊಣಗುತ್ತ ಒಪ್ಪಿಕೊಂಡರು. ಹತ್ತು ದಿನದ ಮೇಲೆ ಹೋದಾಗ ಹದಿನೆಂಟೂ ಹಗ್ಗದ ಮೇಲೆ ಸಾಲಾಗಿ ತೂಗುತ್ತಿದ್ದವು. ಕಪ್ಪು ಪಟ್ಟಿ, ಎಡಕ್ಕೆ ಗಂಟು. ‘ಹುಡುಗರು ಚಂದ ಕಾಣ್ತಾರ ಬಿಡು’ ಎಂದರು ಮಾಸ್ತರು. ಗಾಡಿಗೆ ಏರಿಸುವಾಗ ನನ್ನ ಬೆರಳು ಒಂದು ಟೋಪಿಯ ಅಂಚಿನ ಗುಂಟ ಹೋಯಿತು. ಒಳಗೆ ಏನೋ ಗಟ್ಟಿಯಾಗಿ ಸಿಕ್ಕಿತು... ಸಿಕ್ಕಿತೇ? ಆ ಸ್ಪರ್ಶವನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ, ಇದ್ದದ್ದನ್ನು ಅಳಿಸಲು ನೋಡಿ ಸೋತೆನೋ ಹೇಳಲಾರೆ.

ಮುಂದಿನದರ ಬಗ್ಗೆ ನನಗೆ ಅನುಮಾನವಿಲ್ಲ. ಊರ ಹೊರಗಿನ ಗೋದಾಮಿನಲ್ಲಿ ಶೂಟಿಂಗ್. ಮೊದಲ ಟೋಪಿ ನೆಲಕ್ಕೆ ಬಿತ್ತು, ಯಾರೋ ಅದರ ಮೇಲೆ ಬೂಟುಗಾಲಿಟ್ಟು ತುಳಿದರು, ಕಾಲು ತೆಗೆದ ಕೂಡಲೇ ಅದು ಪುಟಿದು ಮೊದಲಿನಂತೆ ನಿಂತಿತು. ‘ಈ ಟೋಪಿನೇ ಹೀರೋನಾ ಏಂಟಿ?’ ಎಂದು ಫೈಟ್ ಮಾಸ್ಟರ್ ನಕ್ಕರು. ಎಲ್ಲರೂ ನಕ್ಕರು. ತಂತಿ ಇದೆಯೆಂದು ನನಗೆ ಆಗಲೇ ಗೊತ್ತಾಯಿತು. ಮುಂದಿನ ಶಾಟ್‌ಗೆ ಲೈಟು ಸರಿಪಡಿಸುವಷ್ಟು ಹೊತ್ತು ನನ್ನ ಕೈಯಲ್ಲಿತ್ತು. ನಿಲ್ಲಿಸಿ ಎನ್ನಬಹುದಿತ್ತು. ಇಡೀ ದಿನದ ಕೆಲಸ ನನ್ನಿಂದ ಕೆಟ್ಟಿತು ಎನ್ನುತ್ತಾರೆ ಎಂದು ಹೆದರಿ ಸುಮ್ಮನಿದ್ದೆ.

ಮುಂದಿನ ಶಾಟ್‌ನಲ್ಲಿ ಟೋಪಿ ಹಾಕಿಕೊಂಡಿದ್ದ ಫೈಟರ್ ಒಬ್ಬನನ್ನು ಕತ್ತು ಹಿಡಿದು ಮೇಜಿಗೆ ಅಪ್ಪಳಿಸಬೇಕಿತ್ತು. ಮೇಜು ಮುರಿಯುವಂತೆ ಮಾಡಿಟ್ಟದ್ದು, ಅದು ಮುರಿಯಿತು. ಟೋಪಿಯ ಅಂಚು ಮುಖಕ್ಕೂ ಹಲಗೆಗೂ ನಡುವೆ ಸಿಕ್ಕಿ ಮಡಚಿಕೊಂಡಿತು. ಜೋಡಣೆಯ ದಾರ ಹರಿದು ತಂತಿಯ ತುದಿ ಚಿಮ್ಮಿತು. ಅವನು ತಲೆಯೆತ್ತಿದಾಗ ಟೋಪಿ ಎಡಗಣ್ಣಿಗೆ ಅಂಟಿಕೊಂಡಂತೆ ನೇತಾಡುತ್ತಿತ್ತು. ನಟನೆಯೆಂದುಕೊಂಡು ಯಾರೋ ಚಪ್ಪಾಳೆ ತಟ್ಟಿದರು. ಅವನು ಅದನ್ನು ಕಿತ್ತುಹಾಕಲು ಕೈ ಹಾಕಿದ...

ಮರುದಿನ ಬೆಳಿಗ್ಗೆ ಅವನ ಜೊತೆಯ ನಾಲ್ವರು ಫೈಟರ್‌ಗಳು ಜೀಪು ತಂದರು. ಟೋಪಿ ಮಾಡಿದವನ ಅಂಗಡಿ ತೋರಿಸು ಎಂದರು. ಬೆದರಿಸಲಿಲ್ಲ, ಕೇಳಿದರು ಅಷ್ಟೇ. ನಾನು ಮುಂದಿನ ಸೀಟಿನಲ್ಲಿ ಕುಳಿತು ದಾರಿ ತೋರಿಸಿದೆ.

ಮಾಸ್ತರು ಒದ್ದೆ ಕೈ ಒರೆಸಿಕೊಳ್ಳುತ್ತ ಅಂಗಡಿಯ ಬಾಗಿಲಿಗೆ ಬಂದರು. ‘ಏನ್ ತಂಗಿ, ಮದುವಿ ಚಂದ ಆತೇನು?’

ಅವರಲ್ಲೊಬ್ಬ ರಕ್ತ ಹತ್ತಿದ ಟೋಪಿಯನ್ನು ಅವರ ಎದೆಗೆ ಎಸೆದು, ಇದರಲ್ಲಿ ತಂತಿ ಯಾರು ಹಾಕಿದ್ದು ಎಂದು ಹಿಂದಿಯಲ್ಲಿ ಕೇಳಿದ. ಮಾಸ್ತರು ಹರಿದ ಅಂಚನ್ನು ಮೊದಲು ನೋಡಿದರು. ರಕ್ತ ಆಮೇಲೆ ಕಂಡಿತೆಂದು ತೋರುತ್ತದೆ.

‘ಹೌ, ಹಮೀಚ್ ಡಾಲೇ. ಶಾದೀ ಕಾ ಮಾಲ್ ಥಾ ನಾ.’ ನಾನೇ ಹಾಕಿದ್ದು, ಮದುವೆಯ ಮಾಲಲ್ಲವೇ ಎಂದರು ಮಾಸ್ತರು. ಆಮೇಲೆ ನನ್ನ ಕಡೆ ತಿರುಗಿ, ‘ಮದುವಿ ಮನಿಗೆ ಜೋತಬಿದ್ದ ಟೋಪಿ ಕಳಸಾಕ ಮನಸ ಬರಲಿಲ್ಲ ತಂಗಿ. ನನ್ನ ಕಡಿಂದ ಆಯೇರಿ ಅಂತ ಹಾಕಿದೆ’ ಎಂದರು. ನಮ್ಮ ಕಡೆ ಮದುವೆಯವರಿಗೆ ಬರಿಗೈ ತೋರಿಸುವುದಿಲ್ಲ, ಉಡುಗೊರೆ ಕೊಡುತ್ತಾರೆ. ಬೇಡವೆಂದರೂ ಕೊಡುತ್ತಾರೆ. ಸುಳ್ಳು ಹೇಳುವಾಗ ನಾನು ಅದನ್ನು ಮರೆತಿದ್ದೆ.

‘ಶಾದೀ? ಕೌನ್ ಬೋಲಾ ಶಾದೀ?’ ಮದುವೆಯೆಂದು ಹೇಳಿದವರು ಯಾರು ಎಂದು ಟೋಪಿ ಎಸೆದವನು ಕೇಳಿದ.

ಮಾಸ್ತರು ನನ್ನನ್ನು ನೋಡಿದರು. ನಾನು ಜೀಪಿನ ಬಾಗಿಲು ಹಿಡಿದುಕೊಂಡು ನಿಂತಿದ್ದೆ, ಐದು ಹೆಜ್ಜೆ ದೂರದಲ್ಲಿ. ಅವರ ಮುಖದಲ್ಲಿ ಏನೋ ಅರ್ಥವಾದ ಹಾಗೆ ಕಂಡಿತು.

‘ಕೋಯೀ ನೈ ಬೋಲಾ,’ ಯಾರೂ ಹೇಳಿಲ್ಲ ಎಂದರು.

ಮೊದಲ ಗುದ್ದು ಬಾಯಿಗೆ ಬಿತ್ತು. ಕೆಳಗೆ ಬಿದ್ದ ಮೇಲೆ ಹೊಟ್ಟೆಗೆ, ಪಕ್ಕೆಗೆ ಒದ್ದರು. ಹಗ್ಗದಿಂದ ಟೋಪಿಗಳನ್ನು ಕಿತ್ತು ಸ್ಟವ್ ಮೇಲೆ ಎಸೆದರು. ಒಣ ಹುಲ್ಲು ಭುಗ್ಗೆಂದಿತು. ವೈನಿ ಒಳಗಿನಿಂದ ಓಡಿ ಬಂದವರೇ ಕೆಟಲಿನ ಕುದಿಯುವ ನೀರನ್ನು ಒಬ್ಬನ ಬೆನ್ನಿಗೆ ಸುರಿದರು. ಅವನು ಕಿರುಚಿಕೊಂಡು ಅವರನ್ನು ಗೋಡೆಗೆ ನೂಕಿದ. ಇನ್ನಿಬ್ಬರು ಮಾಸ್ತರರ ಬಲಗೈಯನ್ನು ಬುರುಡೆಯ ಮೇಲೆ ಚಾಚಿ ಹಿಡಿದರು. ನಾಲ್ಕನೆಯವನ ಕೈಯಲ್ಲಿ ಅವರದೇ ಕೊಡತಿ. ಮೂರು ಏಟು. ಮೊದಲ ಎರಡಕ್ಕೆ ಕಟ್ಟಿಗೆಯ ಸದ್ದು ಬಂತು. ಮೂರನೆಯದಕ್ಕೆ ಬೇರೆ ಸದ್ದು.

ಮದುವೆ ಎಂದು ಹೇಳಿದ್ದು ನಾನು. ಇಷ್ಟೇ ಮಾತು. ಅದನ್ನು ಹೇಳಲು ಬಾಯಿ ತೆರೆದಿದ್ದೆ ಎಂದು ಎಷ್ಟೋ ವರ್ಷ ನಂಬಿದ್ದೆ. ತೆರೆದಿರಲಿಲ್ಲ.

ಆ ಕೆಲಸ ಬಿಟ್ಟೆ. ಕುಷಾಯಿಗೂಡದ ಕಡೆ ಹೋಗಲಿಲ್ಲ. ಈಗ ಹಾಸ್ಟೆಲ್ ಹುಡುಗಿಯರಿಗೆ ಬ್ಲೌಸು ಹೊಲಿದು ಬದುಕುತ್ತೇನೆ. ಮಾಸ್ತರು ನನ್ನನ್ನು ಕಾಪಾಡಿದರು, ಕ್ಷಮಿಸಿದರು ಎಂದು ನನಗೆ ನಾನೇ ಹೇಳಿಕೊಂಡು ಹನ್ನೆರಡು ವರ್ಷ ಕಳೆದೆ. ಚಾಪೆ ಸುಟ್ಟ ವಾರದ ಭಾನುವಾರ ಕೊನೆಗೂ ಹೋದೆ.

ಮುಂದಿನ ಕೋಣೆಯಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ವೈನಿ ಹಿಂದಿನ ಬಾಗಿಲಲ್ಲಿ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ನನ್ನನ್ನು ಕೂಡಲೇ ಗುರುತಿಸಿದರು. ಮಾಸ್ತರು ತೀರಿಕೊಂಡು ಎರಡು ವರ್ಷವಾಗಿತ್ತು. ಬಲಗೈಯ ಹೆಬ್ಬೆರಳು ಮತ್ತೆ ಮಡಚಲೇ ಇಲ್ಲ. ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಆಗಿದ್ದರು. ಅಲ್ಲಿ ಕೊಟ್ಟ ಕ್ಯಾಪನ್ನು ಒಂದು ದಿನವೂ ತಲೆಗೆ ಹಾಕಲಿಲ್ಲವಂತೆ, ಅದಕ್ಕೆ ಬೈಸಿಕೊಳ್ಳುತ್ತಿದ್ದರಂತೆ.

‘ವೈನಿ, ಮದುವಿ ಅಂತ ಸುಳ್ಳ ಹೇಳಿದಾಕಿ ನಾನು.’

‘ಗೊತ್ತೈತಿ.’ ಸೊಪ್ಪು ಬಿಡಿಸುವುದನ್ನು ಅವರು ನಿಲ್ಲಿಸಲಿಲ್ಲ. ‘ಜೀಪಿನ ಬಾಜೂಕ ನಿಂತಿದ್ದಿ. ಕಂಡಿದ್ದಿ ನನಗ.’

ನಾನು ಅಳತೊಡಗಿದೆ. ಅವರು ಅಳಲಿಲ್ಲ.

‘ಈಗ ನನಗ್ಯಾಕ ಹೇಳಾಕತ್ತಿ? ಆ ಕಣ್ಣ ಹೋದಾಂವ ಪಟಾನ್‌ಚೆರುದಾಗ ಅದಾನ. ಔಷಧ ಫ್ಯಾಕ್ಟರಿ ಗೇಟಿನ ಮುಂದ ಚಾ ಅಂಗಡಿ ಇಟ್ಕೊಂಡಾನ. ಇವರು ಮೂರ ಸರ್ತಿ ಹೋಗಿದ್ರು, ತಪ್ಪಾತು ಅನ್ನಾಕ. ಬೇಕಂತ ಹಾಕೀದಿ ಅಂತ ಮುಖಕ್ಕ ಉಗುಳಿ ಕಳಿಸಿದ. ನಿನ್ನ ಹೆಸರ ಹೇಳ್ರಿ ಅಂತ ನಾ ಬಡಕೊಂಡೆ. ತಂತಿ ಹಾಕಿದಾಂವ ನಾನು, ಆಕೀದೇನು ಅಂದ್ರು. ಸಾಯೂ ಮಟ ಅದೊಂದ ಕೊರಗು ಅವರಿಗೆ, ಬೇಕಂತ ಕಣ್ಣ ಕಳದೆ ಅಂತ ಅವ ತಿಳಕೊಂಡಾನಲ್ಲ ಅಂತ. ಹೋಗು. ಅವನ ಮುಂದ ಹೇಳು.’

ತಂತಿ ಹಾಕಿದವನು ನಾನು... ಇದರಲ್ಲಿ ಕ್ಷಮೆ ಎಲ್ಲಿದೆ ಎಂದು ಹುಡುಕುತ್ತಲೇ ಬಸ್ಸು ಹಿಡಿದು ಮನೆಗೆ ಬಂದೆ. ಇಲ್ಲ. ತಾವು ಮಾಡಿದ ಟೋಪಿಯಲ್ಲಿ ಇನ್ನೊಬ್ಬರ ಪಾಲು ಇರುವುದನ್ನು ಅವರು ಸಹಿಸುತ್ತಿರಲಿಲ್ಲ, ತಪ್ಪಿನ ಪಾಲು ಕೂಡ. ಕ್ಷಮೆ ಎಂಬ ಮಾತನ್ನು ನಾನೇ ತಂದು ಅಲ್ಲಿ ಇಟ್ಟಿದ್ದೆ.

ಮರುದಿನ ಬೆಳಿಗ್ಗೆ ಸ್ಟಾಪಿನಲ್ಲಿ ನಿಂತೆ. ಪಟಾನ್‌ಚೆರುವಿನ ಬಸ್ಸು ಡಬ್ಬಿ ಹಿಡಿದ ಕೆಲಸಗಾರರಿಂದ ತುಂಬಿ ಬಂತು. ಜಾಗವಿಲ್ಲ ಎಂದು ಬಿಟ್ಟೆ. ಎರಡನೆಯದರಲ್ಲಿ ಜಾಗವಿತ್ತು. ‘ಎಕ್ಕುತಾರಾ ಮೇಡಂ?’ ಹತ್ತುತ್ತೀರಾ ಎಂದು ಕಂಡಕ್ಟರ್ ಕೇಳಿದ. ನಾನು ಬೇರೆ ಬಸ್ಸು ಕಾಯುವವಳಂತೆ ದೂರ ನೋಡಿದೆ. ಮೂರನೆಯದನ್ನು ಹತ್ತಿದೆ ಎಂದು ಬರೆದರೆ ಓದುವವರಿಗೂ ಸಮಾಧಾನ, ನನಗೂ ಸಮಾಧಾನ. ಹತ್ತಲಿಲ್ಲ. ಇದನ್ನು ಬರೆಯುತ್ತಿರುವ ಹೊತ್ತಿಗೆ ಆ ಫ್ಯಾಕ್ಟರಿಯ ಗೇಟಿನ ಮುಂದೆ ಅವನು ಒಂದೇ ಕಣ್ಣಿನಲ್ಲಿ ಲೋಟ ನೋಡಿಕೊಂಡು ಚಹಾ ಸೋಸುತ್ತಿರಬೇಕು, ಸತ್ತುಹೋದ ಮಾಸ್ತರರನ್ನು ಬೈಯುತ್ತ.