ಟೀಚರ್ ಮರಳಿನಲ್ಲಿ ತೋಡಿದ ಗುಳಿಗಳು

ಲೆಕ್ಕ ಹೇಳಿಕೊಡುವಾಗ ನಮ್ಮ ಟೀಚರ್ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ತೆಳ್ಳಗಿನ ರೆಪ್ಪೆಗಳ ಅಡಿಯಲ್ಲಿ ಕಣ್ಣುಗುಡ್ಡೆಗಳು ಮೆಲ್ಲಗೆ ಸರಿಯುವುದು ಮುಂದಿನ ಬೆಂಚಿನಲ್ಲಿ ಕೂತ ನನಗೆ ಕಾಣುತ್ತಿತ್ತು. ಟೀಚರಿಗೆ ನಿದ್ದೆ ಬಂತೆಂದು ಹಿಂದಿನ ಬೆಂಚಿನವರು ಪಿಸುಗುಟ್ಟಿದರೆ, ಕಣ್ಣು ತೆರೆಯದೆಯೇ ಅವರನ್ನು ಹೆಸರು ಹಿಡಿದು ಕರೆದು, "ಈಗ ಅಲ್ಲಿ ಎಷ್ಟು ಉಂಟು?" ಎಂದು ಕೇಳುತ್ತಿದ್ದರು. ಅಲ್ಲಿ ಎಂದರೆ ಮುಚ್ಚಿದ ಕಣ್ಣಿನೊಳಗೆ. ನಾವೂ ಕಣ್ಣು ಮುಚ್ಚಬೇಕಿತ್ತು. ಏಳು ಬಂಗುಡೆ ಮೀನುಗಳನ್ನು ನೋಡಬೇಕು, ಎರಡನ್ನು ನೀರಿಗೆ ಬಿಡಬೇಕು, ಉಳಿದವನ್ನು ಎಣಿಸಿ ಹೇಳಬೇಕು.

ಐವತ್ತರ ದಶಕದ ಮಾತು. ಬಂದರಿನ ಹತ್ತಿರದ ಪುಟ್ಟ ಶಾಲೆ. ಕಿಟಕಿಯಿಂದ ಒಣಮೀನಿನ ವಾಸನೆಯೂ ಹಂಚಿನ ಕಾರ್ಖಾನೆಯ ಹೊಗೆಯೂ ಒಟ್ಟಿಗೆ ಒಳಗೆ ಬರುತ್ತಿದ್ದವು. ಟೀಚರ್ ಕೊಡಿಯಾಲ್‌ಬೈಲಿನಿಂದ ನಡೆದು ಬರುವವರು, ನಾನು ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ ಬರುವವಳು. ಅವರ ಮನೆಮಾತು ಕೊಂಕಣಿ, ನನ್ನದು ತುಳು, ಪಕ್ಕದಲ್ಲಿ ಕೂರುತ್ತಿದ್ದ ಅಂಗಡಿ ಸಾಹುಕಾರರ ಮಗಳದು ಬ್ಯಾರಿ. ಕಣ್ಣು ಮುಚ್ಚಿ ಎಣಿಸುವಾಗ ಯಾವ ಭಾಷೆಯಲ್ಲಿ ಬೇಕಾದರೂ ಎಣಿಸಬಹುದಿತ್ತು. ಕಣ್ಣು ತೆರೆದು ಉತ್ತರ ಹೇಳುವಾಗ ಮಾತ್ರ ಕನ್ನಡ. ಆ ಮಧ್ಯಾಹ್ನಗಳಲ್ಲಿ ತರಗತಿಯೇ ಅರೆನಿದ್ದೆಯಲ್ಲಿ ತೇಲುತ್ತಿತ್ತು. ನಾನು ಎಣಿಸುವುದನ್ನು ಮರೆತು ಮೀನಿನ ಹಿಂದೆ ಈಜಿಕೊಂಡು ಹೋದದ್ದೇ ಹೆಚ್ಚು.

ನನಗೆ ತೊಡಕಾದದ್ದು ಸೊನ್ನೆ. ಎರಡನೇ ಕ್ಲಾಸಿನ ಮಾಸ್ತರರು ಸೊನ್ನೆ ಎಂದರೆ ಏನೂ ಇಲ್ಲ ಎಂದು ಹೇಳಿಕೊಟ್ಟಿದ್ದರು. ಏನೂ ಇಲ್ಲದ್ದನ್ನು ಯಾಕೆ ಬರೆಯಬೇಕು? ನೂರ ಐದು ಎಂದರೆ ಒಂದು ಬರೆದು ಪಕ್ಕದಲ್ಲಿ ಐದು ಬರೆದು ಸ್ಲೇಟು ಒಪ್ಪಿಸುತ್ತಿದ್ದೆ. ಟೀಚರ್ ತಿದ್ದಿದರು, ನಾನು ಮರುದಿನ ಮತ್ತೆ ಹಾಗೆಯೇ ಬರೆದೆ. ಪರೀಕ್ಷೆಯಲ್ಲಿ ಲೆಕ್ಕ ಹೋಯಿತು. ಅಪ್ಪ ಕಡಲಿಗೆ, ಅಮ್ಮ ಬುಟ್ಟಿ ಹೊತ್ತು ಪೇಟೆಗೆ. ಮನೆಯಲ್ಲಿ ತೊಟ್ಟಿಲ ತಮ್ಮ. ಲೆಕ್ಕ ತಲೆಗೆ ಹತ್ತದ ಹುಡುಗಿ ದೋಣಿ ಹತ್ತಿ ಎಂತ ಮಾಡಲಿಕ್ಕೆ ಉಂಟು, ಮಗುವನ್ನಾದರೂ ನೋಡಿಕೊಳ್ಳಲಿ ಎಂದು ಅಜ್ಜಿ ತೀರ್ಮಾನ ಮಾಡಿಬಿಟ್ಟರು. ನಾನು ತೊಟ್ಟಿಲು ತೂಗುತ್ತಾ, ದೋಣಿ ಆಚೆ ದಡಕ್ಕೆ ಹೋಗುವುದನ್ನು ನೋಡಿ ಅಳುತ್ತಿದ್ದೆ.

ಒಂದು ಸಂಜೆ ಆ ದೋಣಿಯಿಂದ ಟೀಚರ್ ಇಳಿದರು. ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು, ಒಣಗಲು ಹರಡಿದ ಬಲೆಗಳ ನಡುವೆ ದಾರಿ ಹುಡುಕುತ್ತಾ ಬಂದರು. ಅಜ್ಜಿಯ ಹತ್ತಿರ ತುಳುವಿನಲ್ಲಿ ಸುಖದುಃಖ ಮಾತಾಡಿದ ಮೇಲೆ, ಮನೆಯಲ್ಲಿ ಚೆನ್ನೆಮಣೆ ಇದ್ದರೆ ಕೊಡಿ, ಇವಳಿಗೆ ಅದರ ಗುಳಿಗಳಲ್ಲಿ ಲೆಕ್ಕ ತೋರಿಸುತ್ತೇನೆ ಎಂದರು. ಅಜ್ಜಿಯ ಮುಖ ಗಂಟಿಕ್ಕಿತು. ಗುಳಿಗಳಲ್ಲಿ ಕಾಯಿ ಹಂಚುತ್ತಾ ಚೆನ್ನೆ ಆಡುವುದು, ಜೋರು ಮಳೆಗೆ ದೋಣಿಗಳು ದಡದಲ್ಲಿರುವ ಆಟಿ ತಿಂಗಳಲ್ಲಿ ಮಾತ್ರ. ಗಂಡಸರು ಕಡಲಲ್ಲಿರುವಾಗ ಅಟ್ಟದಿಂದ ಮಣೆ ಇಳಿಸಿ ಕೇಡು ತಂದುಕೊಳ್ಳುವುದುಂಟೇ? ಇಷ್ಟು ಓದಿದವರಿಗೆ ಅಷ್ಟೂ ಗೊತ್ತಿಲ್ಲವೇ ಎಂಬ ಸಿಟ್ಟು ಅಜ್ಜಿಗೆ. ಟೀಚರ್ ವಾದಿಸಲಿಲ್ಲ. ತಪ್ಪಾಯಿತು ಎಂದು ಹೇಳಿ, ನನ್ನನ್ನು ಕರೆದುಕೊಂಡು ಅಂಗಳದ ಮರಳಿನಲ್ಲಿ ಕೂತರು.

ಅಂಗೈಯಿಂದ ಸಾಲಾಗಿ ಮೂರು ಗುಳಿ ತೋಡಿದರು. ಬಲಗಡೆಯ ಗುಳಿಯಲ್ಲಿ ಹತ್ತು ಚಿಪ್ಪು ತುಂಬಿದರೆ ಅವನ್ನು ತೆಗೆದು ನಡುವಿನ ಗುಳಿಗೆ ಒಂದು ಹಾಕಬೇಕು. ಅಲ್ಲಿ ಹತ್ತು ತುಂಬಿದರೆ ಎಡಗಡೆಯ ಗುಳಿಗೆ ಒಂದು. ನನಗೆ ಅದು ಆಟವೆಂದೇ ಅನಿಸಿತು. ಬಿಸಿಲು ಹೊಳೆಯ ಮೇಲೆ ಚಿನ್ನದ ಬಣ್ಣಕ್ಕೆ ತಿರುಗಿತ್ತು, ಚಿಪ್ಪುಗಳು ಬೆಚ್ಚಗಿದ್ದವು. ಕೊನೆಗೆ ನೂರ ಐದು ಇಡು ಎಂದರು. ಎಡಕ್ಕೆ ಒಂದು, ಬಲಕ್ಕೆ ಐದು ಇಟ್ಟೆ. ನಡುವಿನ ಗುಳಿಯಲ್ಲಿ ಏನೂ ಇಲ್ಲವಲ್ಲ ಎಂದು ಅದನ್ನು ಮರಳಿನಿಂದ ಮುಚ್ಚಿಬಿಟ್ಟೆ.

ಟೀಚರ್ ಆ ಮುಚ್ಚಿದ ಜಾಗದ ಮೇಲೆ ಬೆರಳಿಟ್ಟರು. ಆಮೇಲೆ ಕೇಳಿದರು: "ಅಪ್ಪ ಕಡಲಿಗೆ ಹೋದ ದಿನ, ಊಟಕ್ಕೆ ಅವರ ಜಾಗದಲ್ಲಿ ಯಾರು ಕೂತುಕೊಳ್ತಾರೆ?"

"ಯಾರೂ ಇಲ್ಲ, ಟೀಚರ್."

"ಎಂತಕ್ಕೆ? ಅಪ್ಪ ಇಲ್ಲ ಅಲ್ವಾ?"

"ಅದು ಅಪ್ಪನ ಜಾಗ."

"ಸೊನ್ನೆ ಅಂದ್ರೆ ಅದೇ ಮಗಾ. ಆಳಿಲ್ಲ, ಜಾಗ ಉಂಟು."

ನಾನು ಬೆರಳಿನಿಂದ ನಡುವಿನ ಗುಳಿಯನ್ನು ಮತ್ತೆ ತೋಡಿದೆ. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಕಡಲ ಕಡೆಗೆ ನೋಡುತ್ತಿದ್ದರು. ಅವರಿಗೆ ಕನ್ನಡ ಅಷ್ಟಕ್ಕಷ್ಟೇ. ಅಪ್ಪ, ಕಡಲು ಎಂಬ ಮಾತುಗಳು ಮಾತ್ರ ತಿಳಿದಿರಬೇಕು. ಟೀಚರಿಗೆ ಬೆಲ್ಲ, ನೀರು ಕೊಟ್ಟರು. ದೋಣಿಯ ಹೊತ್ತಾದಾಗ, ಮಗುವನ್ನು ತಾನೇ ನೋಡಿಕೊಳ್ಳುತ್ತೇನೆ, ನಾಳೆಯಿಂದ ಇವಳು ಬರಲಿ ಎಂದು ಚುಟುಕಾಗಿ ಹೇಳಿದರು. ಆ ರಾತ್ರಿ ನಾನು ಸ್ಲೇಟನ್ನು ತಲೆಯಡಿ ಇಟ್ಟುಕೊಂಡು ಮಲಗಿದೆ.

ಅರವತ್ತರ ದಶಕದಲ್ಲಿ ಶಿಕ್ಷಕರ ತರಬೇತಿ ಮುಗಿಸಿ, ಸುದ್ದಿ ಹೇಳಲು ಕೊಡಿಯಾಲ್‌ಬೈಲಿನ ಅವರ ಮನೆಗೆ ಹೋದೆ. ಆಗ ಅವರು ನಿವೃತ್ತರು. ಜಗಲಿಯಲ್ಲಿ ಅಬ್ಬಲಿಗೆ ಹೂ ಕಟ್ಟುತ್ತಾ ಕೂತಿದ್ದರು. ಮರಳು, ಚಿಪ್ಪು, ಅಜ್ಜಿಯ ಸಿಟ್ಟು, ಎಲ್ಲವನ್ನೂ ಉಸಿರು ಬಿಡದೆ ಹೇಳಿದೆ. ಅವರಿಗೆ ಒಂದೂ ನೆನಪಿರಲಿಲ್ಲ. ನನಗೆ ಪಿಚ್ಚೆನಿಸಿತು.

"ಬೆಂಗ್ರೆಗಾ? ಹೋಗಿರಬಹುದು ಮಗಾ. ಮಕ್ಕಳು ಕಾಣದಿದ್ರೆ ಹೋಗಿ ಕರೀಬೇಕಲ್ಲ," ಎಂದರು. ಹಾಗೆ ಎಷ್ಟು ಮನೆಗಳ ಅಂಗಳದಲ್ಲಿ ಕೂತಿದ್ದರೋ. ಹೊರಡುವಾಗ ನನ್ನ ಕಾಲು ನೋಡಿ, "ಒಂದು ಗಟ್ಟಿ ಚಪ್ಪಲಿ ತೆಗೊ. ನಡೀಲಿಕ್ಕೆ ತುಂಬ ಉಂಟು," ಎಂದು ನಕ್ಕರು.

ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ಹೊಳೆ ತುಂಬಿ ದೋಣಿ ನಿಂತಿದ್ದರಿಂದ ನಮಗೆ ಸುದ್ದಿ ಮುಟ್ಟುವಾಗ ಎಲ್ಲ ಮುಗಿದಿತ್ತು. ಕೊನೆಗೊಮ್ಮೆ ಮುಖ ನೋಡಲಾಗಲಿಲ್ಲವೆಂಬ ಸಂಕಟ ಇಂದಿಗೂ ಇದೆ. ಅವರು ಮರೆತ ಆ ಒಂದು ಸಂಜೆಯ ಮೇಲೆ ನನ್ನ ಇಡೀ ಬದುಕು ನಿಂತಿದೆ.

ಆ ವರ್ಷವೇ, ಟೀಚರಾಗಿ ನಾನು ಮೊದಲು ಪಾಠ ಮಾಡಿದ ತರಗತಿಯ ಒಬ್ಬಳು ಹುಡುಗಿ ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಮನೆ ಎಲ್ಲಿ ಎಂದು ಉಳಿದವರನ್ನು ಕೇಳಿದೆ. ತುಂಬ ದೂರ, ದಾರಿಯೆಲ್ಲ ಕೆಸರು ಎಂದರು. ಸಂಜೆ ಗಂಟೆ ಬಾರಿಸಿದ ಮೇಲೆ, ಕೊಡೆ ಬಿಡಿಸಿಕೊಂಡು ಹೊರಟೆ.