ಕೆಲಸ ಬಿಟ್ಟ ಮೇಲೂ ಬಂದ ಸಂಬಳ

ತಿರುಪ್ಪೂರಿನ ನಮ್ಮ ಸಾಲುಮನೆಗಳಲ್ಲಿ ಮರಗದಂ ಜಗಳ ಆಡಿದ್ದನ್ನು ಯಾರೂ ಕಂಡಿರಲಿಲ್ಲ. ನಲ್ಲಿಯ ಹತ್ತಿರ ಯಾರಾದರೂ ಬಿಂದಿಗೆ ಮುಂದೆ ತಳ್ಳಿದರೆ ಸುಮ್ಮನೆ ನೋಡುವಳು, ಅಷ್ಟೇ. ಅಂಥವಳು ಎಂಟು ವರ್ಷ ಅಡುಗೆ ಮಾಡಿದ ಬನಿಯನ್ ಕಂಪನಿಯ ಕ್ಯಾಂಟೀನನ್ನು ಒಂದೇ ಮಾತಿಗೆ ಬಿಟ್ಟು ಬಂದಳು. ಊಟಕ್ಕೆ ಕೂತಿದ್ದ ಹೊಲಿಗೆಯವರೆಲ್ಲರ ಎದುರಿಗೆ ಮ್ಯಾನೇಜರ್ ದೊರೆಸಾಮಿ, "ಎಣ್ಣೆ ಡಬ್ಬ ಇಷ್ಟು ಬೇಗ ಹೇಗಮ್ಮಾ ಖಾಲಿಯಾಗುತ್ತೆ? ನಿಮ್ಮನೆ ಬಾಣಲೆಗೂ ಇಲ್ಲಿಂದಲೇನಾ?" ಅಂದಿದ್ದ. ಅವಳು ಸೌಟು ಕೆಳಗಿಟ್ಟು, ಕೈ ತೊಳೆದುಕೊಂಡು ಮನೆಗೆ ಬಂದಳು. ಬಾಕಿ ಸಂಬಳ ಕೇಳಲೂ ಹೋಗಲಿಲ್ಲ.

ತಿಂಗಳು ತುಂಬಿದಾಗ ಬ್ಯಾಂಕಿಗೆ ದುಡ್ಡು ಬಂತು. ಬಾಕಿ ಲೆಕ್ಕ ಚುಕ್ತಾ ಮಾಡಿದ್ದಾರೆ ಅಂದುಕೊಂಡು ಹಳೆಯದೊಂದು ಗ್ರೈಂಡರ್ ಕೊಂಡಳು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಇಡ್ಲಿ ಮಾರತೊಡಗಿದಳು. ವ್ಯಾಪಾರ ಕುದುರಿಕೊಳ್ಳುವ ಹೊತ್ತಿಗೆ ಎರಡನೇ ತಿಂಗಳೂ ಪೂರ್ತಿ ಸಂಬಳ ಬಂದು ಬಿತ್ತು.

ಗಂಡ ಚೆಲ್ಲಮುತ್ತುವಿಗೆ ಖುಷಿಯೋ ಖುಷಿ. "ಬರೋ ಲಕ್ಷ್ಮೀನ ಯಾಕೆ ಓಡಿಸ್ತೀಯೇ? ಕಳ್ಳಿ ಅಂದ್ರಲ್ಲ, ಅದಕ್ಕೆ ದಂಡ ಕಟ್ತಿದ್ದಾರೆ ಅಂದ್ಕೋ."

"ಇದನ್ನ ಇಟ್ಕೊಂಡ್ರೆ ಅವನು ಅಂದಿದ್ದೇ ನಿಜ ಆಗುತ್ತೆ."

"ಅವರಿಗೆ ಗೊತ್ತೇ ಆಗಲ್ಲ ಕಣೇ!"

"ನನಗೆ ಗೊತ್ತಾಯ್ತಲ್ಲ."

ಆಮೇಲೆ ನನ್ನ ಮನೆಗೆ ಬಂದಳು. "ಅಕ್ಕಾ, ಆ ಗೇಟು ದಾಟೋಕೆ ಕಾಲೇ ಬರ್ತಿಲ್ಲ. ಜೊತೆಗೆ ಬರ್ತೀರಾ?"

ನಾನೂ ಬನಿಯನ್ ಕಂಪನಿಗಳಲ್ಲಿ ಹೊಲಿಗೆಯ ತಪ್ಪು ಹುಡುಕುವ ಚೆಕಿಂಗ್ ಕೆಲಸ ಮಾಡಿ ಕಣ್ಣು ಸವೆಸಿದವಳು. "ಬರ್ತೀನಿ. ಆದ್ರೆ ಯಾರ ಕೈಗೂ ನೋಟು ಕೊಡಬೇಡ. ಮೊದಲು ಲೆಕ್ಕ ಕೇಳು, ಬ್ಯಾಂಕಿನಿಂದಲೇ ವಾಪಸ್ ಕಳಿಸು, ರಸೀದಿ ಇಸ್ಕೋ," ಅಂದೆ.

ಕಂಪನಿಯ ಆಫೀಸಿನಲ್ಲಿ ಲೆಕ್ಕ ನೋಡುವ ಹುಡುಗಿ ತೇನ್‌ಮೊಳಿ ಕಂಪ್ಯೂಟರ್ ತೆರೆದವಳೇ ಬಿಳಿಚಿಕೊಂಡಳು. "ಅಯ್ಯೋ, ನೀವು ಕೆಲಸ ಬಿಟ್ಟಿದ್ದನ್ನ ನಮಗೆ ಯಾರೂ ಹೇಳೇ ಇಲ್ಲ ಅಕ್ಕಾ!" ಹೇಳಬೇಕಾಗಿದ್ದವನು ದೊರೆಸಾಮಿ. ಅವನು ಬಂದವನೇ, "ಎರಡು ತಿಂಗಳದ್ದೂ ಇವತ್ತೇ ಕಟ್ಟಿ," ಅಂದ.

"ಕಟ್ತೀನಿ ಸಾರ್. ಬಿಟ್ಟ ತಿಂಗಳಲ್ಲಿ ನಾನು ದುಡಿದ ದಿನದ್ದು, ಬೋನಸ್ಸು, ಅದೆಷ್ಟು ಅಂತ ಮೊದಲು ಹೇಳಿ. ಅದನ್ನ ಕಳೆದು ಉಳಿದಿದ್ದು ನಿಮ್ಮದು. ಎರಡನೇ ಸಂಬಳ ಮುಟ್ಟಿಲ್ಲ, ಈಗಲೇ ವಾಪಸ್. ಮೊದಲನೇದು ಖರ್ಚಾಗಿದೆ, ಕಂತಲ್ಲಿ ಕೊಡ್ತೀನಿ. ಬರೆದು ಸಹಿ ಹಾಕಿಕೊಡಿ."

ಅಷ್ಟು ಮಾತು ಅವಳ ಬಾಯಲ್ಲಿ ನಾನು ಅದೇ ಮೊದಲು ಕೇಳಿದ್ದು. ದೊರೆಸಾಮಿ ತಡವರಿಸಿದ. "ಇದನ್ನ ಹೇಳೋಕೆ ನೀವಾಗೇ ಬಂದ್ರಾ?"

"ಇನ್ಯಾರು ಬರ್ತಾರೆ ಸಾರ್? ಎಣ್ಣೆ ಕದ್ದೋಳೇ ಬರಬೇಕು."

ತೇನ್‌ಮೊಳಿ ಬಾಯಿಗೆ ದುಪಟ್ಟಾ ಅಡ್ಡ ಹಿಡಿದಳು. ಅವನ ಮುಖ ಇಳಿದುಹೋಯಿತು. "ಆ ಎಣ್ಣೆ ಅಂಗಡಿಯೋನೇ ಅಳತೆಯಲ್ಲಿ ಮೋಸ ಮಾಡ್ತಿದ್ದ. ಆಮೇಲೆ ಗೊತ್ತಾಯ್ತು," ಅಂದ.

"ಗೊತ್ತಾದ ಮೇಲೆ ಹೇಳಬಹುದಿತ್ತಲ್ಲ?"

"ಹೇಳಬೇಕಿತ್ತಮ್ಮಾ. ತಪ್ಪಾಯ್ತು."

"ನನ್ನೊಬ್ಬಳಿಗೆ ಹೇಳಿದ್ರಿ. ಅವತ್ತು ಕೇಳಿಸ್ಕೊಂಡೋರು ಅಲ್ಲಿ ಊಟಕ್ಕೆ ಕೂತಿದ್ದಾರೆ."

ಅವನು ಬಾಗಿಲು ನೋಡಿದ, ಗಡಿಯಾರ ನೋಡಿದ. ಕೊನೆಗೆ ಎದ್ದ. ಕ್ಯಾಂಟೀನಿನಲ್ಲಿ ಅವನು ಹೇಳಿದ್ದು ಎರಡೇ ಮಾತು, ಅದೂ ಗೋಡೆ ನೋಡಿಕೊಂಡು. ಆದರೆ ಎಲ್ಲರಿಗೂ ಕೇಳಿಸಿತು. ಮೂಲೆಯಿಂದ ಒಬ್ಬ ದರ್ಜಿ ಕೂಗಿದ: "ವಾಪಸ್ ಬನ್ನಿ ಅಕ್ಕಾ! ನೀವು ಹೋದ ಮೇಲೆ ಸಾಂಬಾರಿಗೂ ಉಪ್ಪಿಗೂ ನೆಂಟಸ್ತನವೇ ಇಲ್ಲ!" ಮರಗದಂ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. "ಇಲ್ಲಪ್ಪ, ನನಗೀಗ ನನ್ನದೇ ಒಲೆ ಇದೆ."

ಬಾಕಿಯೆಲ್ಲ ಕಳೆದು ಉಳಿದದ್ದು ಅವಳು ಹೆದರಿದಷ್ಟೇನೂ ಇರಲಿಲ್ಲ. ನಾಲ್ಕು ಕಂತಿನಲ್ಲಿ ತೀರಿಸಿದಳು. ಗೊಣಗುತ್ತಿದ್ದ ಚೆಲ್ಲಮುತ್ತುವೇ ಕೊನೆಯ ಕಂತು ಕಟ್ಟಿ ಬಂದ.

ಈಗ ಅದೇ ಬೀದಿಯಲ್ಲಿ ಒಂದು ಪುಟ್ಟ ಮಳಿಗೆ ನೋಡಿದ್ದಾಳೆ. ಗಲ್ಲಾದ ಹತ್ತಿರ ನಾನು ಕೂರಬೇಕಂತೆ. ಆಷಾಢದ ಹಾಗೆ ಆಡಿ ಮಾಸದಲ್ಲೂ ಹೊಸದೇನೂ ಶುರು ಮಾಡುವ ಹಾಗಿಲ್ಲವಲ್ಲ, ಅದು ಕಳೆಯಲಿ ಅಂತ ಕಾಯುತ್ತಿದ್ದೇವೆ.